ನಾಯಿಯ ಬಾಯಿಗೆ ಎಟುಕುವ ವಿಷಗಳು

ಮನೆಯ ನಾಯಿ ಇದ್ದಕ್ಕಿದ್ದಂತೆ ನೊರೆ ಕಕ್ಕತೊಡಗಿದರೆ, ಕಾಲು ಸೋತು ಬಿದ್ದರೆ, ಮನೆಮಂದಿಯ ಬಾಯಲ್ಲಿ ಮೊದಲು ಬರುವ ಮಾತು ‘ಯಾರೋ ವಿಷ ಹಾಕಿರಬೇಕು’ ಎಂಬುದು. ಬೇಕೆಂದೇ ವಿಷವಿಡುವ ಕ್ರೂರಿಗಳು ಇಲ್ಲವೆಂದಲ್ಲ. ಆದರೆ ನಾಯಿಯ ಹೊಟ್ಟೆ ಸೇರಿದ್ದೇನೆಂದು ಹುಡುಕುತ್ತ ಹೋದರೆ ಬಹಳ ಸಲ ಸಿಗುವುದು ನಮ್ಮದೇ ಮನೆಯ ಸಾಮಾನು: ಅಟ್ಟದ ಮೂಲೆಯಲ್ಲಿಟ್ಟ ಇಲಿ ಬಿಲ್ಲೆ, ಮಂಚದ ಪಕ್ಕದ ನೋವಿನ ಮಾತ್ರೆ, ಪಾಯಸಕ್ಕೆ ತಂದ ಒಣದ್ರಾಕ್ಷಿ, ಗುಲಾಬಿ ಕುಂಡಕ್ಕೆ ಹಾಕಿದ ಹರಳು ಹಿಂಡಿ. ಇವನ್ನೆಲ್ಲ ತಂದವರು ನಾವೇ, ತಂದದ್ದೂ ಒಳ್ಳೆಯ ಉದ್ದೇಶಕ್ಕೇ. ಹಾಗಾಗಿ ನಾಯಿಯನ್ನು ವಿಷದಿಂದ ಕಾಯಬೇಕಾದರೆ ಬೀದಿಗಿಂತ ಮೊದಲು ಮನೆಯನ್ನು ನೋಡಬೇಕು. ಇಡೀ ಲೇಖನದ ವಾದ ಎರಡೇ ಮಾತಿನದು. ನಾಯಿ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ ಎಂದು ನಂಬದೆ ಅಪಾಯದ ವಸ್ತು ಅದಕ್ಕೆ ಎಟುಕದಂತೆ ಇಡಬೇಕು. ತಿಂದುಬಿಟ್ಟರೆ ಲಕ್ಷಣ ಕಾಣಲಿ ಎಂದು ಕಾಯಬಾರದು.

ಏಕೆ ಹೀಗೆ? ಮೊದಲನೆಯದು ತೂಕ. ಯಾವ ವಸ್ತುವೂ ವಿಷವಾಗುವುದು ದೇಹದ ಪ್ರತಿ ಕಿಲೋಗೆ ಎಷ್ಟು ಹೋಯಿತು ಎಂಬುದರ ಮೇಲೆ. 60 ಕೆ.ಜಿ. ತೂಕದ ಮನುಷ್ಯ ನುಂಗುವ 400 ಮಿಲಿಗ್ರಾಂ ಐಬುಪ್ರೊಫೇನ್ ಅವನಿಗೆ ಕಿಲೋಗೆ 7 ಮಿಲಿಗ್ರಾಂನಷ್ಟೂ ಆಗುವುದಿಲ್ಲ. ಅದೇ ಮಾತ್ರೆ 8 ಕೆ.ಜಿ. ತೂಕದ ಸ್ಪಿಟ್ಜ್ ನಾಯಿಯ ಹೊಟ್ಟೆಗೆ ಹೋದರೆ ಕಿಲೋಗೆ 50 ಮಿಲಿಗ್ರಾಂ. ಜಠರದಲ್ಲಿ ಹುಣ್ಣೆದ್ದು ರಕ್ತ ಒಸರಲು ಅಷ್ಟು ಸಾಕು. ಎರಡನೆಯದು ಯಕೃತ್ತು. ನಮ್ಮ ದೇಹ ಬೇಗ ಕರಗಿಸಿ ಹೊರಹಾಕುವ ಹಲವು ರಾಸಾಯನಿಕಗಳನ್ನು ನಾಯಿಯ ದೇಹ ನಿಧಾನವಾಗಿ ಕರಗಿಸುತ್ತದೆ, ಕೆಲವನ್ನು ಕರಗಿಸುವ ಕಿಣ್ವವೇ ಅದರಲ್ಲಿಲ್ಲ. ಚಾಕೊಲೇಟಿನ ಥಿಯೊಬ್ರೊಮಿನ್ ಅರ್ಧದಷ್ಟು ಇಳಿಯಲು ನಾಯಿಯ ರಕ್ತದಲ್ಲಿ ಸುಮಾರು 17 ಗಂಟೆ ಬೇಕು. ನಮ್ಮಲ್ಲಿ ಅದರ ಅರ್ಧ ಹೊತ್ತು ಸಾಕಾಗುತ್ತದೆ. ಮೂರನೆಯದು ಅಭ್ಯಾಸ. ನಾಯಿ ಮೊದಲು ನುಂಗುತ್ತದೆ, ಅಗಿದು ರುಚಿ ನೋಡುವುದು ಆಮೇಲಿನ ಮಾತು. ಪ್ಯಾಕೆಟ್ಟು, ಬೆಳ್ಳಿ ಹಾಳೆ, ಡಬ್ಬಿಯ ಮುಚ್ಚಳ ಯಾವುದೂ ಅದಕ್ಕೆ ತಡೆಯಲ್ಲ.

‘ಪ್ರಾಣಿಗಳಿಗೆ ವಾಸನೆಯಲ್ಲೇ ತಿಳಿಯುತ್ತದೆ, ಬೇಡದ್ದನ್ನು ಅವು ಮುಟ್ಟುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಾಯಿಯ ಮೂಗು ಅಸಾಧಾರಣವೆಂಬುದು ನಿಜ. ಆದರೆ ಆ ಮೂಗು ಆಹಾರವನ್ನು ಹುಡುಕಲು ಬೆಳೆದದ್ದು, ವಿಷವನ್ನು ಗುರುತಿಸಲು ಅಲ್ಲ. ಇಲಿ ಬಿಲ್ಲೆಯನ್ನು ತಯಾರಿಸುವವರು ಅದಕ್ಕೆ ಧಾನ್ಯದ ಹಿಟ್ಟು ಬೆರೆಸುತ್ತಾರೆ. ಬಸವನಹುಳಕ್ಕೆ ಇಡುವ ವಿಷಕ್ಕೆ ತೌಡು, ಬೆಲ್ಲ ಸೇರಿರುತ್ತದೆ. ಇಲಿಗೂ ಹುಳಕ್ಕೂ ಹಿತವಾದ ವಾಸನೆ ನಾಯಿಗೂ ಹಿತವೇ. ಕೆಲವು ಬಿಲ್ಲೆಗಳಿಗೆ ಮಕ್ಕಳು ಉಗುಳಲಿ ಎಂದು ಕಹಿ ವಸ್ತು ಬೆರೆಸಿರುತ್ತಾರಲ್ಲ ಎಂದು ಕೇಳಬಹುದು. ಗಬಗಬ ನುಂಗುವ ಪ್ರಾಣಿಗೆ ಕಹಿ ಗೊತ್ತಾಗುವ ಹೊತ್ತಿಗೆ ಬಿಲ್ಲೆ ಗಂಟಲು ದಾಟಿರುತ್ತದೆ. ‘ಬೀದಿ ನಾಯಿಗಳು ಏನೆಲ್ಲ ತಿಂದು ಬದುಕುತ್ತವಲ್ಲ’ ಎಂಬ ಇನ್ನೊಂದು ಮಾತಿದೆ. ನಮ್ಮ ಕಣ್ಣಿಗೆ ಬೀಳುವುದು ಬದುಕಿದ ನಾಯಿಗಳು. ಪೊದೆಯ ಮರೆಯಲ್ಲಿ, ಮೋರಿಯ ಬದಿಯಲ್ಲಿ ಸತ್ತವನ್ನು ಯಾರೂ ಎಣಿಸುವುದಿಲ್ಲ. ಮೇಲಾಗಿ, ಬೀದಿ ನಾಯಿಗೆ ನಮ್ಮ ಔಷಧದ ಡಬ್ಬಿ ಎಟುಕುವುದಿಲ್ಲ.

ಅಡುಗೆಮನೆಯಲ್ಲಿ

ಅಡುಗೆಮನೆಯ ವಿಷಗಳಲ್ಲಿ ನಮ್ಮವರು ಹೆಚ್ಚು ತಿಳಿಯಬೇಕಾದದ್ದು ದ್ರಾಕ್ಷಿ. ಹಸಿಯದಿರಲಿ, ಒಣಗಿದ್ದಿರಲಿ, ನಾಯಿಯ ಮೂತ್ರಪಿಂಡವನ್ನು ಅದು ಕೆಡಿಸಬಲ್ಲದು. ಒಂದು ನಾಯಿ ಮುಷ್ಟಿ ತುಂಬ ತಿಂದೂ ಆರಾಮಾಗಿರುತ್ತದೆ, ಇನ್ನೊಂದು ಕೆಲವೇ ಹಣ್ಣಿಗೆ ಹಾಸಿಗೆ ಹಿಡಿಯುತ್ತದೆ. ಈ ಏರುಪೇರಿನ ಕಾರಣ ಬಹುಕಾಲ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ತಳಿಗೂ ಮಾಗಿದ ಮಟ್ಟಕ್ಕೂ ತಕ್ಕಂತೆ ಈ ಆಮ್ಲ ಹೆಚ್ಚುಕಡಿಮೆಯಾಗುವುದರಿಂದ ‘ಇಷ್ಟು ತಿಂದರೆ ಪರವಾಗಿಲ್ಲ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಣಗಿದಾಗ ನೀರು ಹೋಗಿ ಆಮ್ಲ ಉಳಿಯುತ್ತದೆ, ಆದ್ದರಿಂದ ಒಣದ್ರಾಕ್ಷಿ ಇನ್ನೂ ಕೆಟ್ಟದ್ದು. ಕೇಸರಿಬಾತು, ಪಾಯಸ, ಹಬ್ಬದ ದಿನ ಹಂಚುವ ಒಣಹಣ್ಣಿನ ಪೆಟ್ಟಿಗೆ, ಕೇಕು, ಎಲ್ಲದರಲ್ಲೂ ಅದಿದೆ. ಇದೇ ಆಮ್ಲದ ಜಾಡು ಹಿಡಿದವರಿಗೆ ಸಿಕ್ಕ ಇನ್ನೊಂದು ಪದಾರ್ಥ ನಮ್ಮ ಪ್ರತಿ ಮನೆಯಲ್ಲೂ ಇದೆ: ಹುಣಸೆಹಣ್ಣು. ಹುಣಸೆಯ ಹುಳಿ ಬಹುಪಾಲು ಟಾರ್ಟಾರಿಕ್ ಆಮ್ಲದ್ದೇ. ಹುಣಸೆ ತಿಂದ ನಾಯಿಗಳಲ್ಲೂ ಮೂತ್ರಪಿಂಡ ಸೋತ ಪ್ರಕರಣಗಳು ಪಶುವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಅನ್ನದ ಮೇಲೆ ಬಿದ್ದ ಒಂದು ಚಮಚ ಸಾರಿಗೆ ಹೆದರಿ ಆಸ್ಪತ್ರೆಗೆ ಓಡಬೇಕಾಗಿಲ್ಲ. ಆದರೆ ಹುಣಸೆ ಉಂಡೆ, ಪುಳಿಯೋಗರೆ ಗೊಜ್ಜು, ಮಕ್ಕಳು ಚೀಪಿ ಇಟ್ಟ ಚಿಗಳಿ ನಾಯಿಯ ಬಾಯಿಗೆ ಸಿಗಬಾರದು. ದ್ರಾಕ್ಷಿಯೋ ಹುಣಸೆಯೋ ತಿಂದ ನಾಯಿ ಸಾಮಾನ್ಯವಾಗಿ ಮೊದಲ ದಿನ ವಾಂತಿ ಮಾಡುತ್ತದೆ. ಒಂದರಿಂದ ಮೂರು ದಿನದೊಳಗೆ ಮೂತ್ರ ಕಡಿಮೆಯಾಗಬಹುದು. ಮೂತ್ರ ನಿಂತ ಮೇಲೆ ಉಳಿಸುವುದು ಬಲು ಕಷ್ಟ. ಮೊದಲ ಗಂಟೆಗಳಲ್ಲೇ ಹೊಟ್ಟೆ ಖಾಲಿ ಮಾಡಿಸಿ ಡ್ರಿಪ್ ಹಾಕಿಸಿದರೆ ಹೆಚ್ಚಿನವು ಉಳಿಯುತ್ತವೆ.

ಚಾಕೊಲೇಟಿನದು ಲೆಕ್ಕ ಹಾಕಬಹುದಾದ ವಿಷ, ಆದ್ದರಿಂದ ಗಾಬರಿಗೂ ನಿರ್ಲಕ್ಷ್ಯಕ್ಕೂ ಇಲ್ಲಿ ಕಾರಣವಿಲ್ಲ. ಕಿಲೋಗೆ 20 ಮಿಲಿಗ್ರಾಂ ಥಿಯೊಬ್ರೊಮಿನ್ ಹೋದರೆ ವಾಂತಿ, ಚಡಪಡಿಕೆ ಶುರುವಾಗುತ್ತದೆ. 40ರಿಂದ 50ಕ್ಕೆ ಎದೆಬಡಿತ ದಾರಿ ತಪ್ಪುತ್ತದೆ. 60 ದಾಟಿದರೆ ಸೆಳವು. ಹಾಲಿನ ಚಾಕೊಲೇಟಿನಲ್ಲಿ ಗ್ರಾಮಿಗೆ ಸುಮಾರು 2 ಮಿಲಿಗ್ರಾಂ ಇರುತ್ತದೆ. ಅಂದರೆ 10 ಕೆ.ಜಿ. ನಾಯಿ 100 ಗ್ರಾಂ ತಿಂದರೆ ಮೊದಲ ಮೆಟ್ಟಿಲು ತಲುಪಿದಂತೆ. ಕಪ್ಪು ಚಾಕೊಲೇಟಿನಲ್ಲಿ ಇದರ ಕೆಲವು ಪಟ್ಟು. ಕೇಕಿಗೆ ತಂದ ಕೋಕೋ ಪುಡಿಯಾದರೆ ಬರೀ 10 ಗ್ರಾಂ ಸಾಕು, ಅದೇ ಮೆಟ್ಟಿಲಿಗೆ. ಚಹಾ, ಕಾಫಿ ಪುಡಿಯ ಕೆಫೀನ್ ಕೂಡ ಇದೇ ಜಾತಿಯದು. ಫಿಲ್ಟರಿನಿಂದ ತೆಗೆದ ಚರಟವನ್ನು ಗಿಡದ ಬುಡಕ್ಕೆ ಸುರಿಯುವವರು ಅದರ ಮೇಲೆ ಮಣ್ಣು ಮುಚ್ಚಬೇಕು.

ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ತಿಂದ ನಾಯಿಗಳ ರಕ್ತದಲ್ಲಿ ಗಣನೀಯ ಹಾನಿ ಕಂಡಿದೆ. 10 ಕೆ.ಜಿ. ನಾಯಿಗೆ ಅದು ಎರಡು ಮೂರು ಗೆಡ್ಡೆ. ಬೆಳ್ಳುಳ್ಳಿ ಇದಕ್ಕಿಂತ ಹಲವು ಪಟ್ಟು ತೀಕ್ಷ್ಣ. ಇಲ್ಲಿ ಹಿರಿಯರ ಆಕ್ಷೇಪ ಬಂದೇ ಬರುತ್ತದೆ: ‘ನಮ್ಮ ಕಾಲದಲ್ಲಿ ನಾಯಿಗೆ ನಾವು ಉಂಡದ್ದನ್ನೇ ಹಾಕುತ್ತಿದ್ದೆವು, ಏನೂ ಆಗಲಿಲ್ಲ.’ ಆ ಮಾತಿನಲ್ಲಿ ಸತ್ಯಾಂಶವಿದೆ. ಮುದ್ದೆ, ಅನ್ನ, ಮಜ್ಜಿಗೆಯ ಜೊತೆ ಬರುತ್ತಿದ್ದ ಒಂದೆರಡು ಚೂರು ಈರುಳ್ಳಿ ನಾಯಿಯನ್ನು ಕೊಲ್ಲುತ್ತಿರಲಿಲ್ಲ. ಆದರೆ ಈ ಹಾನಿ ದಿನದಿನವೂ ಸೇರುತ್ತ ಹೋಗುವಂಥದ್ದು, ಹೊರಗೆ ಕಾಣಲು ಹಲವು ದಿನ ಬೇಕು. ಒಸಡು ಬಿಳಿಚಿಕೊಂಡು ನಾಯಿ ಮಂಕಾದಾಗ ಯಾರೂ ಅದನ್ನು ಕಳೆದ ವಾರದ ಈರುಳ್ಳಿ ಬಜ್ಜಿಗೆ ಜೋಡಿಸಿ ನೋಡುವುದಿಲ್ಲ. ಅಲ್ಲದೆ ಆ ಕಾಲದ ಮನೆಯಲ್ಲಿ ಕೋಕೋ ಪುಡಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್, ಹೊಸ ತಲೆಮಾರಿನ ಇಲಿ ಬಿಲ್ಲೆ ಇರಲಿಲ್ಲ. ಮನೆ ಬದಲಾಗಿದೆ, ಹಳೆಯ ಅನುಭವ ಹೊಸ ಮನೆಗೆ ಸಾಕ್ಷಿಯಾಗಲಾರದು.

ಸಕ್ಕರೆರಹಿತ ಎಂದೆನಲ್ಲ, ಅದರಲ್ಲಿ ಕೆಲವಕ್ಕೆ ಸಿಹಿ ಕೊಡುವುದು ಜೈಲಿಟಾಲ್. ನಮಗೆ ನಿರುಪದ್ರವಿ. ನಾಯಿಯ ದೇಹ ಮಾತ್ರ ಅದನ್ನು ಸಕ್ಕರೆಯೆಂದೇ ಬಗೆದು ಇನ್ಸುಲಿನ್ ಸುರಿಸುತ್ತದೆ. ಅರ್ಧ, ಒಂದು ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಿ ಬೀಳಬಹುದು. 10 ಕೆ.ಜಿ. ನಾಯಿಗೆ 1 ಗ್ರಾಂ ಸಾಕು, ಅದರ ಐದು ಪಟ್ಟು ಹೋದರೆ ಯಕೃತ್ತಿಗೇ ಕುತ್ತು. ಚ್ಯೂಯಿಂಗ್ ಗಮ್, ಟೂತ್‌ಪೇಸ್ಟ್, ಬಾಯಿ ಮುಕ್ಕಳಿಸುವ ದ್ರಾವಣ, ಕೆಲವು ಕಡಲೆಕಾಯಿ ಬೆಣ್ಣೆ ಇವುಗಳ ಚೀಟಿಯಲ್ಲಿ ಈ ಹೆಸರನ್ನೋ ಇ967 ಎಂಬ ಸಂಕೇತವನ್ನೋ ನೋಡಿ. ಬೂಷ್ಟು ಹಿಡಿದ ಕಡಲೆಕಾಯಿ, ಮುಸುಕಿನ ಜೋಳಗಳನ್ನು ‘ನಮಗಾಗದು, ನಾಯಿಗಾದೀತು’ ಎಂದು ಹಾಕುವುದನ್ನೂ ಬಿಡಬೇಕು. ಅವುಗಳಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ಯಕೃತ್ತನ್ನು ತಿನ್ನುತ್ತದೆ.

ಔಷಧದ ಡಬ್ಬಿ

ನಾಯಿ ಕುಂಟಿದಾಗ, ಮೈ ಬಿಸಿಯಾದಾಗ ಪ್ರೀತಿಯಿಂದಲೇ ಕೊಡುವ ಮಾತ್ರೆ ಎಲ್ಲಕ್ಕಿಂತ ದುಃಖದ ವಿಷ, ಏಕೆಂದರೆ ಅದನ್ನು ನಾಯಿ ಕದ್ದು ತಿಂದದ್ದಲ್ಲ. ಐಬುಪ್ರೊಫೇನ್ ಮತ್ತು ಡೈಕ್ಲೊಫೆನಾಕ್ ನಾಯಿಯ ಜಠರದ ಒಳಪೊರೆಯನ್ನು ಕಾಯುವ ವ್ಯವಸ್ಥೆಯನ್ನೇ ಕಡಿದುಹಾಕುತ್ತವೆ. ಕಪ್ಪು ಮಲ, ರಕ್ತವಾಂತಿ, ಪ್ರಮಾಣ ಹೆಚ್ಚಿದ್ದರೆ ಮೂತ್ರಪಿಂಡದ ಸೋಲು, ಹೀಗೆ ಸಾಗುತ್ತದೆ ದಾರಿ. ಪ್ಯಾರಾಸಿಟಮಾಲ್ ಕಿಲೋಗೆ 100 ಮಿಲಿಗ್ರಾಂ ಮುಟ್ಟಿದರೆ ನಾಯಿಯ ಯಕೃತ್ತು ಅಪಾಯಕ್ಕೆ ಸಿಲುಕುತ್ತದೆ. 650 ಮಿಲಿಗ್ರಾಂನ ಒಂದೇ ಮಾತ್ರೆ 6 ಕೆ.ಜಿ. ನಾಯಿಗೆ ಆ ಗೆರೆ ದಾಟಿಸುತ್ತದೆ. ಬೆಕ್ಕಿಗಂತೂ ಇದರ ಸಣ್ಣ ಚೂರೂ ಮಾರಕ. ‘ಪಶುವೈದ್ಯರೇ ಒಮ್ಮೆ ಬರೆದುಕೊಟ್ಟಿದ್ದರು’ ಎನ್ನುವವರಿದ್ದಾರೆ. ವೈದ್ಯರು ಕೆಲವೊಮ್ಮೆ ಮನುಷ್ಯರ ಔಷಧವನ್ನೂ ತೂಕ ನೋಡಿ, ರಕ್ತ ಪರೀಕ್ಷೆ ನೋಡಿ ಕೊಡುತ್ತಾರೆ. ಆ ಲೆಕ್ಕ ಆ ನಾಯಿಯ ಆ ದಿನದ್ದು. ಮುಂದಿನ ವರ್ಷ ಅದೇ ಚೀಟಿ ಹಿಡಿದು ಅಂಗಡಿಗೆ ಹೋದರೆ ಮೊದಲು ಜೊತೆಗಿದ್ದ ಎಚ್ಚರ ಈಗ ಇರುವುದಿಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ: ಮಂಡಿನೋವಿಗೆ ಅಜ್ಜಿ ಹಚ್ಚಿಕೊಂಡ ಡೈಕ್ಲೊಫೆನಾಕ್ ಮುಲಾಮನ್ನು ಮಡಿಲ ನಾಯಿ ನೆಕ್ಕುತ್ತದೆ. ಹಚ್ಚಿದ ಜಾಗಕ್ಕೆ ಬಟ್ಟೆ ಸುತ್ತಬೇಕು, ಕೈ ತೊಳೆದ ಮೇಲೆಯೇ ನಾಯಿಯನ್ನು ಮುಟ್ಟಬೇಕು.

ಇಲಿ ಪಾಷಾಣ: ಮೂರು ಬಗೆ, ಮೂರು ದಾರಿ

‘ಇಲಿ ಔಷಧ ತಿಂದಿದೆ’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಅರ್ಧ ವಿಷಯವೂ ತಿಳಿಯುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಈ ಹೆಸರಿನಲ್ಲಿ ದೊರೆತ ವಿಷಗಳು ಒಂದಕ್ಕೊಂದು ಸಂಬಂಧವಿಲ್ಲದವು. ಮೊದಲನೆಯದು ಬ್ರೊಮಾಡಿಯೊಲೋನ್ ಬಿಲ್ಲೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ 1948ರ ಹೊತ್ತಿಗೆ ಇಲಿವಿಷವಾಗಿ ಬಂತು. ಇಲಿಗಳು ಅದಕ್ಕೆ ಒಗ್ಗಿಹೋದಾಗ ಬಂದ ಇನ್ನೂ ಬಲವಾದ ಮರಿ ಇದು. ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸಲು ಯಕೃತ್ತಿಗೆ ವಿಟಮಿನ್ ಕೆ ಬೇಕು, ಬಳಸಿದ ವಿಟಮಿನ್ನನ್ನು ಮತ್ತೆ ಸಜ್ಜುಗೊಳಿಸುವ ಕಿಣ್ವವನ್ನು ಈ ವಿಷ ಕಟ್ಟಿಹಾಕುತ್ತದೆ. ಈಗಾಗಲೇ ರಕ್ತದಲ್ಲಿರುವ ಅಂಶಗಳು ಮುಗಿಯುವ ತನಕ ನಾಯಿ ಆಡಿಕೊಂಡೇ ಇರುತ್ತದೆ. ಮೂರರಿಂದ ಐದನೆಯ ದಿನಕ್ಕೆ ಒಸಡಿನಲ್ಲಿ, ಮೂಗಿನಲ್ಲಿ, ಎದೆಯೊಳಗೆ ರಕ್ತ ಸೋರತೊಡಗುತ್ತದೆ. ‘ತಿಂದು ಎರಡು ದಿನವಾಯಿತು, ಏನೂ ಆಗಿಲ್ಲ’ ಎಂಬ ನಿರಾಳ ಇಲ್ಲಿ ಅತ್ಯಂತ ಅಪಾಯಕಾರಿ. ಸಮಾಧಾನದ ಸಂಗತಿಯೆಂದರೆ ಇದಕ್ಕೆ ನೇರ ಮದ್ದಿದೆ, ವಿಟಮಿನ್ ಕೆ1. ಆದರೆ ವಿಷ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಮದ್ದನ್ನೂ ಸಾಮಾನ್ಯವಾಗಿ ಮೂರು ನಾಲ್ಕು ವಾರ ಕೊಡಬೇಕು. ಮುಗಿದ ಮೇಲೆ ಎರಡು ಮೂರು ದಿನ ಬಿಟ್ಟು ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಬೇಕು.

ಎರಡನೆಯದು ಜಿಂಕ್ ಫಾಸ್ಫೈಡ್, ಹೊಲದ ಇಲಿಗೆ ಹಿಟ್ಟಿನಲ್ಲೋ ವಡೆಯಲ್ಲೋ ಬೆರೆಸಿಡುವ ಬೂದುಗಪ್ಪು ಪುಡಿ. ಜಠರದ ಆಮ್ಲ ಸೋಕಿದೊಡನೆ ಇದು ಫಾಸ್ಫೀನ್ ಅನಿಲವಾಗುತ್ತದೆ, ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ಊಟ ಹಾಕಿದರೆ ಆಮ್ಲ ಹೆಚ್ಚು ಸುರಿದು ಅನಿಲವೂ ಹೆಚ್ಚುತ್ತದೆ. ಆದ್ದರಿಂದ ‘ಹೊಟ್ಟೆಗೆ ಏನಾದರೂ ಹಾಕೋಣ, ವಿಷ ತೆಳುವಾಗಲಿ’ ಎಂಬ ಯೋಚನೆ ಇಲ್ಲಿ ತಿರುಗುಬಾಣ. ವಾಂತಿಗೆ ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ ಇದ್ದರೆ ಕಿಟಕಿ ಬಾಗಿಲು ತೆರೆಯಿರಿ, ಕಾರಿನ ಗಾಜು ಇಳಿಸಿ. ಆ ಅನಿಲ ನಮಗೂ ವಿಷ. ಮೂರನೆಯದು ಟೂತ್‌ಪೇಸ್ಟಿನಂಥ ಕೊಳವೆಯಲ್ಲಿ ಬರುತ್ತಿದ್ದ ಹಳದಿ ರಂಜಕದ ಪೇಸ್ಟು. ಇದನ್ನು ತಿಂದ ನಾಯಿ ಮೊದಲು ವಾಂತಿ ಮಾಡಿ, ನಂತರ ಚೇತರಿಸಿಕೊಂಡಂತೆ ಕಂಡು, ಆಮೇಲೆ ಯಕೃತ್ತು ಸೋತು ಕುಸಿಯುತ್ತದೆ. ರಂಜಕ ಕೊಬ್ಬಿನಲ್ಲಿ ಕರಗುವಂಥದ್ದು. ಹಾಲು, ತುಪ್ಪ, ಎಣ್ಣೆ ಕುಡಿಸಿದರೆ ಅದು ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ. ಜಿಂಕ್ ಫಾಸ್ಫೈಡ್‌ಗಾಗಲಿ ರಂಜಕಕ್ಕಾಗಲಿ ಪ್ರತಿವಿಷವಿಲ್ಲ. ನಾಯಿ ಸಾಕಿದ ಮನೆಯಲ್ಲಿ ಈ ಎರಡನ್ನೂ ಇಡಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇಲಿ ಕಾಟ ಇದ್ದರೆ ಬೋನು ಇಡಿ, ಧಾನ್ಯದ ಡಬ್ಬ ಮುಚ್ಚಿಡಿ, ಚರಂಡಿಯ ಕಿಂಡಿಗೆ ಜಾಲರಿ ಹಾಕಿಸಿ. ಬಿಲ್ಲೆ ಇಡಲೇಬೇಕಾದರೆ ಇಲಿ ಮಾತ್ರ ನುಗ್ಗುವ ಬೀಗದ ಪೆಟ್ಟಿಗೆಯೊಳಗಿಟ್ಟು ಎಷ್ಟು ಬಿಲ್ಲೆ ಇಟ್ಟಿದ್ದೀರೆಂದು ಬರೆದಿಡಿ. ಸತ್ತ ಇಲಿಯನ್ನು ಕೂಡಲೇ ಹೂಳಬೇಕು, ಅದನ್ನು ತಿಂದ ನಾಯಿಗೂ ವಿಷ ತಗಲಬಹುದು.

ಕುಂಡ, ತೋಟ, ಹೊಲ

‘ನಾವು ರಾಸಾಯನಿಕ ಬಳಸುವುದಿಲ್ಲ, ನಮ್ಮದು ಪೂರ್ತಿ ಸಾವಯವ’ ಎನ್ನುವ ತಾರಸಿ ತೋಟದವರು ಈ ಭಾಗವನ್ನು ವಿಶೇಷವಾಗಿ ಓದಬೇಕು. ಹರಳು ಹಿಂಡಿ ಸಾವಯವವೇ, ಆದರೆ ಎಣ್ಣೆ ತೆಗೆದ ಮೇಲೂ ಹರಳುಬೀಜದ ರಿಸಿನ್ ಹಿಂಡಿಯಲ್ಲಿ ಉಳಿದಿರಬಹುದು. ಚೆನ್ನಾಗಿ ಬಿಸಿಯಾದ ಹಿಂಡಿಯಲ್ಲಿ ಅದು ನಾಶವಾಗುತ್ತದೆ, ಆದರೆ ನೀವು ತಂದ ಚೀಲ ಎಷ್ಟು ಬಿಸಿ ಕಂಡಿದೆಯೆಂದು ಹೊರಗಿನಿಂದ ಹೇಳಲಾಗದು. ಇದಕ್ಕೆ ಎಲುಬಿನ ಪುಡಿ ಬೆರೆಸಿದರೆ ನಾಯಿಗೆ ಅದಕ್ಕಿಂತ ಆಕರ್ಷಕ ಇನ್ನೊಂದಿಲ್ಲ, ಕುಂಡವನ್ನು ಬಗೆದೇ ತಿನ್ನುತ್ತದೆ. ವಾಂತಿ, ರಕ್ತಭೇದಿ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಕಾಣುತ್ತವೆ. ನಾಯಿ ಇರುವ ಮನೆಯಲ್ಲಿ ಬೇವಿನ ಹಿಂಡಿ, ಕೊಳೆತ ಸಗಣಿ ಗೊಬ್ಬರ, ಎರೆಗೊಬ್ಬರ ಸಾಕು. ಹರಳು ಹಿಂಡಿ ಬಿಟ್ಟರೆ ಗಿಡಕ್ಕೆ ನಷ್ಟವೇನೂ ಇಲ್ಲ.

ಗಿಡಗಳಲ್ಲಿ ಮೊದಲು ನೋಡಬೇಕಾದವು ಕಣಗಿಲೆ ಮತ್ತು ಹಳದಿ ಕಣಗಿಲೆ. ಎಲೆ, ಹೂವು, ಕಾಯಿ ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಸ್ತುವಿದೆ. ಸವರಿದ ಕೊಂಬೆಯನ್ನು ಅಂಗಳದಲ್ಲಿ ಬಿಟ್ಟರೆ ಮರಿನಾಯಿ ಅದನ್ನೇ ಕಚ್ಚಿ ಆಡುತ್ತದೆ. ಅಪಾರ್ಟ್‌ಮೆಂಟುಗಳ ಹುಲ್ಲುಹಾಸಿನ ಅಂಚಿಗೆ ಅಂದಕ್ಕೆಂದು ನೆಡುವ ಸೈಕಸ್‌ನ ಎಲ್ಲ ಭಾಗವೂ, ಅದರಲ್ಲೂ ಬೀಜ, ಯಕೃತ್ತನ್ನು ಹಾಳುಮಾಡುತ್ತದೆ. ಉಮ್ಮತ್ತಿ, ಗುಲಗಂಜಿ, ಗೌರಿ ಹೂವಿನ ಗಡ್ಡೆ ಇವು ಬೇಲಿಯ ಪರಿಚಿತರು, ಮೂರೂ ವಿಷದವು. ಮನಿ ಪ್ಲಾಂಟ್, ಡೈಫೆನ್‌ಬೇಕಿಯಾಗಳ ಎಲೆ ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ನೋವಿದ್ದರೂ ಬಹುತೇಕ ಪ್ರಾಣಾಪಾಯವಿಲ್ಲ. ಮಳೆಗಾಲದ ರಾತ್ರಿ ಅಂಗಳಕ್ಕೆ ಬರುವ ನೆಲಗಪ್ಪೆಯ ಕಣ್ಣಿನ ಹಿಂದಿನ ಗ್ರಂಥಿಯಲ್ಲೂ ವಿಷವಿದೆ. ಕಪ್ಪೆಯನ್ನು ಕಚ್ಚಿದ ನಾಯಿಯ ತಲೆ ತಗ್ಗಿಸಿ, ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆಯನ್ನು ಪದೇ ಪದೇ ಒರೆಸಬೇಕು. ನೀರು ಗಂಟಲಿಗೆ ಇಳಿಯಬಾರದು.

ಮಲೆನಾಡು, ಕೊಡಗಿನ ತೋಟದ ನಾಯಿಗಳ ಅಪಾಯ ಬೇರೆ. ಆಫ್ರಿಕನ್ ಬಸವನಹುಳಕ್ಕೆ ಕಾಫಿ ತೋಟದಲ್ಲಿಡುವ ವಿಷದ ಉಂಡೆ, ಮೆಟಾಲ್ಡಿಹೈಡ್ ಹರಳು ತಿಂದ ನಾಯಿಗೆ ಒಂದರಿಂದ ಮೂರು ಗಂಟೆಯಲ್ಲೇ ನಡುಕ ಹತ್ತಿ ಮೈ ಕಾದ ಹೆಂಚಿನಂತಾಗುತ್ತದೆ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ ಹೊಟ್ಟೆಯನ್ನು ಸುಡುತ್ತದೆ. ಕಲಸಿದ ಡ್ರಮ್ಮಿಗೆ ಮುಚ್ಚಳವಿರಲಿ, ತೊಳೆದ ನೀರು ನಾಯಿ ಕುಡಿಯುವ ಗುಂಡಿಗೆ ಹರಿಯದಿರಲಿ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳು ನರಗಳ ಸಂಕೇತ ನಿಲ್ಲದಂತೆ ಮಾಡುತ್ತವೆ: ಜೊಲ್ಲು, ಕಣ್ಣೀರು, ಭೇದಿ, ಕಿರಿದಾದ ಕಣ್ಣಿನ ಪಾಪೆ, ಅದುರುವ ಸ್ನಾಯು. ಅಟ್ರೋಪಿನ್ ಬೇಗ ಸಿಕ್ಕರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಫೋರೇಟ್ ಹರಳು 2020ರ ಕೊನೆಯಿಂದ ದೇಶದಲ್ಲಿ ನಿಷಿದ್ಧ. ಹಳೆಯ ಪೊಟ್ಟಣ ಕೊಟ್ಟಿಗೆಯ ಮೂಲೆಯಲ್ಲಿ ಉಳಿದಿದೆಯೇ ಎಂದು ಒಮ್ಮೆ ಹುಡುಕಿ ನೋಡಿ.

ನೆಲ, ದೇವರಕೋಣೆ, ಉಣ್ಣೆ

ಫಿನೈಲ್ ಹಾಕಿ ಒರೆಸಿದ ನೆಲ ಒಣಗುವ ಮುನ್ನ ನಾಯಿ ಓಡಾಡಿದರೆ ಅಂಗಾಲಿಗೆ ಅಂಟಿದ್ದು ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಒರೆಸಿ, ಒಣಗಿಸಿ, ಆಮೇಲೆ ಬಿಡಿ. ಬೀರುವಿನ ನುಸಿಗುಳಿಗೆ ರಕ್ತಕಣ ಒಡೆಯುತ್ತದೆ, ಸಣ್ಣ ನಾಯಿಗೆ ಒಂದೇ ಗುಳಿಗೆ ಸಾಕು. ಕರ್ಪೂರ ಸೆಳವು ತರುತ್ತದೆ. ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಉಣ್ಣೆ ಹೋಗಲೆಂದು ಸೀಮೆಎಣ್ಣೆ, ಸುಟ್ಟ ಇಂಜಿನ್ ಎಣ್ಣೆ ಸವರುವ ರೂಢಿ ಇನ್ನೂ ಹೋಗಿಲ್ಲ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದಾಗ ಶ್ವಾಸಕೋಶಕ್ಕೂ ಇಳಿಯುತ್ತದೆ. ದನಕ್ಕೆಂದು ತಂದ ಉಣ್ಣೆ ಔಷಧವನ್ನು ಮುಚ್ಚಳದಲ್ಲಿ ಅಂದಾಜು ಸುರಿದು ನಾಯಿಗೆ ಬಳಿಯುವುದೂ ಅಷ್ಟೇ ಕೆಟ್ಟದ್ದು. ನಾಯಿಯ ತೂಕಕ್ಕೆ ಹೊಂದುವ ಔಷಧವನ್ನೇ ಕೇಳಿ, ಸಿರಿಂಜಿನಲ್ಲಿ ಅಳೆದು ಬಳಸಿ, ಮೈ ಒಣಗುವ ತನಕ ನೆಕ್ಕಲು ಬಿಡಬೇಡಿ. ಕೋಲಿ ಮತ್ತು ಅದರ ಬಳಗದ ಕುರಿಕಾಯುವ ತಳಿಗಳ ಅನೇಕ ನಾಯಿಗಳಲ್ಲಿ ಒಂದು ಜೀನಿನ ದೋಷದಿಂದ ಐವರ್ಮೆಕ್ಟಿನ್ ಮಿದುಳಿಗೆ ನುಗ್ಗುತ್ತದೆ. ಅಂಥ ತಳಿಯೆಂದು ವೈದ್ಯರಿಗೆ ಮೊದಲೇ ಹೇಳಬೇಕು.

ತಿಂದುಬಿಟ್ಟರೆ ಏನು ಮಾಡಬೇಕು

ವಿಷ ಜಠರದಲ್ಲಿ ಇರುವ ತನಕ ಅದನ್ನು ಹೊರತೆಗೆಯಬಹುದು. ಕರುಳಿಗೆ ಇಳಿದು ರಕ್ತ ಸೇರಿದ ಮೇಲೆ ಅದರ ಪರಿಣಾಮದ ಜೊತೆ ಹೋರಾಡುವುದಷ್ಟೇ ಉಳಿಯುತ್ತದೆ. ಹೆಚ್ಚಿನ ವಿಷಗಳಿಗೆ ಈ ಅವಕಾಶ ಒಂದೆರಡು ಗಂಟೆಯದು. ಕೆಳಗಿನ ಕ್ರಮ ಈ ಒಂದೆರಡು ಗಂಟೆ ವ್ಯರ್ಥವಾಗದಿರಲೆಂದು.

1. ನಾಯಿಯನ್ನು ಅಲ್ಲಿಂದ ದೂರ ಒಯ್ಯಿರಿ, ಉಳಿದದ್ದನ್ನು ಇತರ ಪ್ರಾಣಿ, ಮಕ್ಕಳಿಗೆ ಸಿಗದಂತೆ ಎತ್ತಿಡಿ. ಎಚ್ಚರವಿರುವ ನಾಯಿಯಾದರೆ ಬಾಯಲ್ಲಿ ಉಳಿದ ಚೂರನ್ನು ಬಟ್ಟೆಯಿಂದ ತೆಗೆಯಿರಿ. ಸೆಳವು ಬಂದಿದ್ದರೆ ಬಾಯಿಗೆ ಕೈ ಹಾಕಬೇಡಿ.

2. ಏನು, ಎಷ್ಟು, ಯಾವಾಗ ಎಂಬ ಮೂರಕ್ಕೂ ಉತ್ತರ ಹುಡುಕಿ. ಪೊಟ್ಟಣ, ಕೊಳವೆ, ಗಿಡದ ಕೊಂಬೆ, ಚೀಟಿ ಏನಿದ್ದರೂ ಜೊತೆಗೆ ತನ್ನಿ. ವಾಂತಿಯಾಗಿದ್ದರೆ ಸ್ವಲ್ಪವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ.

3. ಹೊರಡುವ ಮುನ್ನ ಪಶುವೈದ್ಯರಿಗೆ ಕರೆ ಮಾಡಿ ವಿಷದ ಹೆಸರು, ನಾಯಿಯ ತೂಕ ಹೇಳಿ. ಅಟ್ರೋಪಿನ್ನೋ ವಿಟಮಿನ್ ಕೆ1ಓ ಅವರಲ್ಲಿಲ್ಲದಿದ್ದರೆ ಎಲ್ಲಿಗೆ ಹೋಗಬೇಕೆಂದು ಆಗಲೇ ತಿಳಿಯುತ್ತದೆ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿ ಮುಖ್ಯವಾಗಿ ಜಾನುವಾರುಗಳಿಗಾಗಿ ಇದ್ದರೂ ಹಳ್ಳಿಯವರು ಹತ್ತಿರದ ವೈದ್ಯರನ್ನು ವಿಚಾರಿಸಲು ಬಳಸಬಹುದು.

4. ವಿಷ ಮೈಮೇಲೆ ಚೆಲ್ಲಿದ್ದರೆ ಕೈಗವಸು ಹಾಕಿಕೊಂಡು ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಶುದ್ಧ ನೀರನ್ನು 15 ನಿಮಿಷ ಹರಿಸಿ.

5. ದಾರಿಯಲ್ಲಿ ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಗದ್ದಲ ಬೆಳಕು ಕಡಿಮೆಯಿರಲಿ. ಮೈ ಸುಡುತ್ತಿದ್ದರೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ.

ಆಗುವ ತಪ್ಪುಗಳು

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬಹಳ ಕಡೆ ಕಾಣುವ ತಪ್ಪು. ವಾಂತಿಯಾಗದೆ ಉಪ್ಪು ಒಳಗುಳಿದರೆ ರಕ್ತದ ಸೋಡಿಯಂ ಏರಿ ಮಿದುಳು ಕುಗ್ಗುತ್ತದೆ, ಒಂದು ವಿಷಕ್ಕೆ ಇನ್ನೊಂದು ಸೇರಿದಂತಾಗುತ್ತದೆ. ಗಂಟಲಿಗೆ ಬೆರಳು ಹಾಕಿದರೆ ನಾಯಿಗೆ ವಾಂತಿ ಬರುವುದಿಲ್ಲ, ಗಾಯವಾಗುತ್ತದೆ, ನಿಮ್ಮ ಬೆರಳಿಗೂ ಆಗುತ್ತದೆ. ವಿದೇಶದ ವಿಡಿಯೊ ನೋಡಿ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸುವವರು ಒಂದು ವಿಷಯ ಗಮನಿಸಬೇಕು. ಅಲ್ಲಿ ಹೇಳುವುದು 3 ಪ್ರತಿಶತದ ದ್ರಾವಣ, ನಮ್ಮ ಔಷಧದಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಅದರ ಎರಡು ಪಟ್ಟು ಬಲದ್ದು, ಜಠರವನ್ನೇ ಸುಡಬಲ್ಲದು. ವೈದ್ಯರು ಫೋನಿನಲ್ಲಿ ಹೇಳದೆ ಅದನ್ನು ಮುಟ್ಟಬಾರದು. ಶೌಚಾಲಯದ ಆಸಿಡ್, ಬ್ಲೀಚ್ ಕುಡಿದಿದ್ದರೆ, ಸೀಮೆಎಣ್ಣೆಯೋ ಸೊಳ್ಳೆಯಂತ್ರದ ದ್ರವವೋ ಹೋಗಿದ್ದರೆ, ನಾಯಿಗೆ ಮಂಪರು ಅಥವಾ ಸೆಳವು ಇದ್ದರೆ ವಾಂತಿ ಮಾಡಿಸಲೇಬಾರದು. ಆಸಿಡ್ ಮೇಲೇರುವಾಗ ಅನ್ನನಾಳವನ್ನು ಎರಡನೆಯ ಸಲ ಸುಡುತ್ತದೆ, ಎಣ್ಣೆ ಶ್ವಾಸನಾಳಕ್ಕೆ ಜಾರುತ್ತದೆ.

‘ವೈದ್ಯರು 40 ಕಿ.ಮೀ. ದೂರ, ಅಲ್ಲಿಯ ತನಕ ಹಾಲಾದರೂ ಕುಡಿಸಬೇಡವೇ?’ ಎಂಬ ಪ್ರಶ್ನೆ ಹಳ್ಳಿಯಿಂದ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ಹಾಲು ಯಾವ ವಿಷಕ್ಕೂ ಪ್ರತಿವಿಷವಲ್ಲ, ರಂಜಕಕ್ಕೆ ಅದು ವಾಹನ. ಬಲವಂತವಾಗಿ ಸುರಿದದ್ದು ಶ್ವಾಸಕೋಶಕ್ಕೆ ಹೋದರೆ ವಿಷದಿಂದ ಉಳಿದ ನಾಯಿ ನ್ಯುಮೋನಿಯಾದಿಂದ ಹೋಗಬಹುದು. ಒಲೆಯ ಇದ್ದಿಲನ್ನು ಅರೆದು ತಿನ್ನಿಸುವುದೂ ವ್ಯರ್ಥ. ವೈದ್ಯರು ಕೊಡುವ ಸಕ್ರಿಯ ಇದ್ದಿಲನ್ನು ವಿಶೇಷವಾಗಿ ಸಂಸ್ಕರಿಸಿರುತ್ತಾರೆ, ವಿಷವನ್ನು ಹಿಡಿದಿಡುವ ಆ ಶಕ್ತಿ ಒಲೆಯ ಇದ್ದಿಲಿಗೆ ಇರುವುದಿಲ್ಲ. ದೂರ ಹೆಚ್ಚಿದ್ದಷ್ಟೂ ಮನೆಯಲ್ಲಿ ಪ್ರಯೋಗ ಮಾಡುತ್ತ ಕಳೆಯುವ ಸಮಯ ತುಟ್ಟಿ, ವಾಹನ ಹತ್ತಿ ಫೋನಿನಲ್ಲಿ ಮಾತಾಡುತ್ತ ಹೊರಡುವುದೇ ಸರಿ. ಮತ್ತೊಂದು ತಪ್ಪು, ಮಾತ್ರೆಯನ್ನು ತಾವೇ ಕೊಟ್ಟದ್ದನ್ನು ಅಥವಾ ನಿಷೇಧಿತ ಪುಡಿ ಇಟ್ಟದ್ದನ್ನು ಸಂಕೋಚದಿಂದ ಮುಚ್ಚಿಡುವುದು. ವೈದ್ಯರಿಗೆ ಬೇಕಾಗಿರುವುದು ವಿಷದ ಹೆಸರು, ತಪ್ಪೊಪ್ಪಿಗೆಯಲ್ಲ.

ಇಂದೇ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು, ಅದರ ತೂಕವನ್ನೂ ಹಗಲು ರಾತ್ರಿ ಸಿಗುವ ಇಬ್ಬರು ಪಶುವೈದ್ಯರ ಫೋನ್ ಸಂಖ್ಯೆಯನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿ. ಅಪಾರ್ಟ್‌ಮೆಂಟಿನಲ್ಲೋ ವಠಾರದಲ್ಲೋ ಇದ್ದರೆ ಇಲಿ ಔಷಧ, ಕೀಟನಾಶಕ ಸಿಂಪಡಿಸುವ ದಿನವನ್ನು ಮೊದಲೇ ಎಲ್ಲರಿಗೂ ತಿಳಿಸುವಂತೆ, ಬಳಸಿದ ವಿಷದ ಹೆಸರನ್ನು ಫಲಕದಲ್ಲಿ ಬರೆಯುವಂತೆ ಸಂಘದವರನ್ನು ಕೇಳಿ. ನೀವೇ ಹಿತ್ತಲಲ್ಲಿ ಇಡುವುದಾದರೆ ಪಕ್ಕದ ಮನೆಯವರಿಗೆ ಹೇಳಿಯೇ ಇಡಿ, ಅವರ ಮನೆಯಲ್ಲೂ ನಾಯಿ ಇರಬಹುದು.